ಮೊರ್ವಾಂ: ನಾಟಾ ಲಾರಿಯ ದಾರಿಯಲ್ಲಿ ಮೂರು ದಿನ

ಫ್ರಾನ್ಸಿನ ಬರ್ಗಂಡಿ ಅಂದರೆ ದ್ರಾಕ್ಷಿತೋಟ ಎಂದೇ ನಾನೂ ತಿಳಿದಿದ್ದೆ. ಆ ಬರ್ಗಂಡಿಯ ನಟ್ಟನಡುವೆ ಗ್ರಾನೈಟ್ ಗುಡ್ಡಗಳ ಒಂದು ಸೀಮೆ ಇದೆ. ಮಳೆ ಜಾಸ್ತಿ, ಮಣ್ಣು ಹುಳಿ, ದ್ರಾಕ್ಷಿಯ ಸುದ್ದಿಯೇ ಇಲ್ಲ. ಹೆಸರು ಮೊರ್ವಾಂ. 'ಮೊರ್ವಾಂನಿಂದ ಒಳ್ಳೆ ಗಾಳಿಯೂ ಬರೋದಿಲ್ಲ, ಒಳ್ಳೆ ಜನವೂ ಬರೋದಿಲ್ಲ' ಅಂತ ಸುತ್ತಲಿನ ಬಯಲಿನವರು ಹಿಂದೆಯೇ ಗಾದೆ ಕಟ್ಟಿಟ್ಟಿದ್ದಾರೆ. ಅಂಥ ಊರು ನೋಡಲೇಬೇಕು ಅನ್ನಿಸಿತು.

ಪ್ಯಾರಿಸ್ಸಿನ ಬೆರ್ಸಿ ನಿಲ್ದಾಣದಿಂದ ಅವಾಲೋಂಗೆ ಮೂರು ಗಂಟೆಯ ಆಸುಪಾಸು. ಸೈಕಲ್ ಬಿಚ್ಚುವ ಗೋಜಿಲ್ಲ, ಹಾಗೇ ಏರಿಸಬಹುದು. ಜೊತೆಗಿದ್ದವನು ಮಲೆನಾಡಿನ ಸಾಗರದ ಕಡೆಯ ಗೆಳೆಯ. ಪ್ಯಾರಿಸ್ಸಿಗೆ ಬಂದು ಆರು ವರ್ಷವಾದರೂ ಅವನ ಕನ್ನಡದ 'ಎಂಥ ಮಾರಾಯ' ಸವೆದಿಲ್ಲ. ಇಬ್ಬರದೂ ಗ್ರ್ಯಾವೆಲ್ ಸೈಕಲ್: ನೋಡಲು ರೇಸ್ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್, ಆದರೆ 45 ಮಿ.ಮೀ. ಅಗಲದ ಟಯರ್, ಏರಿಗೆ ಬೇಕಾದಷ್ಟು ಹಗುರ ಗೇರು.

"ಇಲ್ಲಿ ಎಲ್ಲಕ್ಕಿಂತ ಎತ್ತರದ ಗುಡ್ಡ ಎಷ್ಟು?" ಅಂತ ರೈಲಿನಲ್ಲಿ ಕೇಳಿದ.

"ಓ-ಫೋಲಾಂ. 901 ಮೀಟರ್."

"ಬೆಂಗಳೂರಿಗಿಂತ ತಗ್ಗು! ಇದಕ್ಕೆ ಗುಡ್ಡ ಅಂತೀಯಲ್ಲ ಮಾರಾಯ."

ಸಂಜೆಗೆ ಆ ಮಾತು ನಿಂತಿತ್ತು. ಮೊರ್ವಾಂನಲ್ಲಿ ಒಂದು ದೊಡ್ಡ ಘಟ್ಟ ಹತ್ತಿ ಮುಗಿಸಿ ಉಸ್ಸಪ್ಪಾ ಅನ್ನುವ ಲೆಕ್ಕವಿಲ್ಲ. ನೂರು ಮೀಟರ್ ಏರು, ಎಂಬತ್ತು ಮೀಟರ್ ಇಳಿ, ತಳದಲ್ಲೊಂದು ತೊರೆ, ಮತ್ತೆ ಏರು. ಮೊದಲ ದಿನದ 62 ಕಿ.ಮೀ.ನಲ್ಲಿ 1,200 ಮೀಟರ್ ಏರಿದ್ದೆವು.

ದಾರಿಯ ಬಗ್ಗೆ ಮಾತ್ರ ದೂರಿಲ್ಲ. ಗ್ರಾನೈಟ್ ಕರಗಿ ಆದ ದಪ್ಪ ಮರಳು ಇಲ್ಲಿನ ನೆಲ. ರಾತ್ರಿಯಿಡೀ ಮಳೆ ಸುರಿದರೂ ಬೆಳಿಗ್ಗೆಗೆ ನೀರು ಇಂಗಿರುತ್ತದೆ. ಅದರ ಮೇಲೆ ಅರಣ್ಯದವರು ಜಲ್ಲಿ ಹಾಸಿ ಗಟ್ಟಿ ಮಾಡಿದ ರಸ್ತೆಗಳು, ಮೈಲಿಗಟ್ಟಲೆ, ಕಾರಿನ ಸದ್ದಿಲ್ಲದೆ. ಎರಡೂ ಬದಿ ಸರ್ಕಸ್ ಕಂಬದ ಹಾಗೆ ನೇರ ನಿಂತ ಡಗ್ಲಸ್ ಫರ್ ಎಂಬ ಸೂಜಿ ಎಲೆಯ ಮರಗಳು. ಇಂಥ ರಸ್ತೆಯನ್ನು ನಮ್ಮಂಥವರಿಗಾಗಿ ಯಾರು ಮಾಡಿದರಪ್ಪಾ ಎಂದುಕೊಳ್ಳುವಷ್ಟರಲ್ಲಿ ಎದುರಿನಿಂದ ನಾಟಾ ಲಾರಿ ಬಂತು. ಚರಂಡಿಗಿಳಿದು ದಾರಿ ಬಿಟ್ಟೆವು.

ಕಾರೆ-ಲೆ-ತೊಂಬ್ ಊರಲ್ಲಿ ಚರ್ಚಿನ ಸುತ್ತ ನೂರಕ್ಕೂ ಹೆಚ್ಚು ಕಲ್ಲಿನ ಶವಪೆಟ್ಟಿಗೆಗಳು, ಮುಚ್ಚಳಗಳು ಸಾಲಾಗಿ ಬಿದ್ದಿವೆ. ಬ್ರೆಡ್ಡು, ಚೀಸ್ ಕೊಂಡು ಅಲ್ಲೇ ತಿಂದೆವು. ದಂ-ಲೆ-ಪ್ಲಾಸ್‌ನಲ್ಲಿ ತಿನ್ನುವ ಮನಸ್ಸಾಗಲಿಲ್ಲ. 1944ರ ಜೂನ್ ಕೊನೆಯಲ್ಲಿ, ಈ ಕಾಡುಗಳಲ್ಲಿ ಅಡಗಿದ್ದ ಪ್ರತಿರೋಧ ಪಡೆಗಳ ಮೇಲಿನ ಸೇಡಿಗೆ ಜರ್ಮನ್ ಸೈನಿಕರು ಇಲ್ಲಿ 27 ಗಂಡಸರನ್ನು ಕೊಂದರು. ಸ್ಮಾರಕದ ಮುಂದೆ ಸೈಕಲ್ ಇಳಿದು ಹೆಸರು ಓದಿದೆವು. ಒಂದೇ ಮನೆತನದ ಹೆಸರು ಮತ್ತೆ ಮತ್ತೆ ಬಂದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಅಲ್ಲಿಂದ ಮುಂದೆ ಎಡವಟ್ಟಾಯಿತು. ಫೋನಿನ ನಕ್ಷೆಯ ಆ್ಯಪ್ ಒಂದು ಒಳದಾರಿ ತೋರಿಸಿ 'ಗ್ರ್ಯಾವೆಲ್, ಸುಗಮ' ಎಂದಿತ್ತು. ತಿರುವು ದಾಟಿದರೆ ಕಾಡೇ ಇಲ್ಲ. ಇಡೀ ಇಳಿಜಾರು ಬೋಳು. ಮರ ಕಡಿಯುವ ಯಂತ್ರದ ಚಕ್ರಗಳು ಮೊಣಕಾಲುದ್ದ ಕೊರೆದ ಕಾಲುವೆ, ಅದರ ತುಂಬ ಕೆಂಪು ನೀರು, ಅಡ್ಡಾದಿಡ್ಡಿ ಕೊಂಬೆ. ಸೈಕಲ್ ಹೊತ್ತು ಅರ್ಧ ಗಂಟೆ ನಡೆದೆವು. ಗೆಳೆಯ ಬುಡಗಳನ್ನು ನೋಡುತ್ತಾ ಬಂದ. "ನಮ್ಮ ಅಕೇಶಿಯಾ ಕಥೆಯೇ ಇದು. ಒಂದೇ ಜಾತಿ ನೆಡೋದು, ಒಂದೇ ದಿನ ಕಡಿಯೋದು." ಅವನ ಮಾತು ಸುಳ್ಳಲ್ಲ. ಇಲ್ಲಿನ ಬೀಚ್, ಓಕ್ ಕಾಡಿನ ಎಷ್ಟೋ ಭಾಗ ಎರಡನೇ ಮಹಾಯುದ್ಧದ ನಂತರ ಸರ್ಕಾರಿ ನೆರವಿನಲ್ಲಿ ಫರ್ ತೋಪಾಯಿತು. 2003ರಲ್ಲಿ ಒಂದಷ್ಟು ಜನ ಪಾಲು ಹಣ ಹಾಕಿ ಸಂಘ ಕಟ್ಟಿ, ಉಳಿದಿರುವ ಎಲೆಮರಗಳ ಕಾಡನ್ನು ತಾವೇ ಕೊಂಡು ಉಳಿಸಿಕೊಳ್ಳಲು ಶುರುಮಾಡಿದರು.

ಮತ್ತೆ ಜಲ್ಲಿ ರಸ್ತೆಗೆ ಬಿದ್ದು, ಕಳೆದ ಹೊತ್ತನ್ನು ಹಿಡಿಯುವ ಆತುರದಲ್ಲಿ ಇಳಿಜಾರಿನಲ್ಲಿ ಬ್ರೇಕ್ ಬಿಟ್ಟೆ. ಪಟ್ ಅಂತ ಸದ್ದು. ಬಿಳಿ ಬೆಣಚುಕಲ್ಲಿನ ಚೂರೊಂದು ಹಿಂದಿನ ಟಯರಿನ ಪಕ್ಕವನ್ನು ಹೆಬ್ಬೆರಳಿನಗಲ ಸೀಳಿತ್ತು. ಟ್ಯೂಬ್‌ಲೆಸ್ ಟಯರಿನೊಳಗಿನ ಅಂಟುಹಾಲು ಮೀನಖಂಡದ ಮೇಲೆಲ್ಲ ಚಿಮ್ಮಿತು. ತುಳಿಯುವ ಭಾಗದಲ್ಲಿ ತೂತಾಗಿದ್ದರೆ ರಬ್ಬರ್ ಬತ್ತಿ ತುರುಕಿದರೆ ಸಾಕಿತ್ತು. ಪಕ್ಕದ ಗೋಡೆ ತೆಳು, ಅಲ್ಲಿ ಬತ್ತಿ ನಿಲ್ಲುವುದಿಲ್ಲ. ವಾಲ್ವ್ ಬಿಚ್ಚಿ ಟ್ಯೂಬ್ ಹಾಕಬೇಕು. ಬರಿದೇ ಹಾಕಿದರೆ ಸೀಳಿನಿಂದ ಟ್ಯೂಬ್ ಗುಳ್ಳೆಯ ಹಾಗೆ ಹೊರಗೆ ಉಬ್ಬುತ್ತದೆ, ಒಳಗಡೆ ಏನಾದರೂ ಗಟ್ಟಿಯಾದ್ದು ಇಡಬೇಕು. ಚೀಲದಲ್ಲಿದ್ದದ್ದು ಪ್ಯಾರಿಸ್ಸಿನ ಲಾ ಶಪೆಲ್ ಬೀದಿಯ ಅಂಗಡಿಯಲ್ಲಿ ಕೊಂಡ ಪಾರ್ಲೆ-ಜಿ. ಬಿಸ್ಕತ್ತು ತಿಂದೆವು, ಕವರನ್ನು ನಾಲ್ಕು ಮಡಿಕೆ ಮಾಡಿ ಸೀಳಿನ ಒಳಗಡೆ ಇಟ್ಟೆ. ಅಷ್ಟರಲ್ಲಿ ಅದೇ ನಾಟಾ ಲಾರಿ ಖಾಲಿಯಾಗಿ ವಾಪಸ್ ಬಂತು. ಚಾಲಕ ಇಳಿದು, ಏನನ್ನೂ ಕೇಳದೆ ಟಯರಿನ ಅಂಚನ್ನು ಎರಡೂ ಹೆಬ್ಬೆರಳಲ್ಲಿ ಒತ್ತಿ ರಿಮ್ಮಿಗೆ ಕೂರಿಸಿಕೊಟ್ಟ. ನನಗೆ ಹತ್ತು ನಿಮಿಷದಲ್ಲಿ ಆಗದ ಕೆಲಸ. ಕವರಿನ ಮಗುವನ್ನು ನೋಡಿ "ನಿಮ್ಮದಾ?" ಅಂತ ಕೇಳಿದ್ದು ತಮಾಷೆಗೋ ನಿಜಕ್ಕೋ ಇವತ್ತಿಗೂ ಗೊತ್ತಾಗಿಲ್ಲ.

ಕತ್ತಲಾಗುವ ಮೊದಲು ಸೆಟ್ಟೋಂ ಕೆರೆ. ಕೆರೆ ಅಂದರೆ ಕೆರೆಯಲ್ಲ, 1858ರಲ್ಲಿ ಮುಗಿದ ಗ್ರಾನೈಟ್ ಅಣೆಕಟ್ಟಿನ ಹಿನ್ನೀರು. ಈಗ ದೋಣಿ, ಐಸ್‌ಕ್ರೀಮು. ಕಟ್ಟಿದ್ದು ಮಾತ್ರ ಸೌದೆ ತೇಲಿಸಲು. ಪ್ಯಾರಿಸ್ಸಿನ ಒಲೆಗಳು ಮೂರು ಶತಮಾನಕ್ಕೂ ಹೆಚ್ಚು ಕಾಲ ಈ ಗುಡ್ಡಗಳ ಸೌದೆಯಿಂದ ಉರಿದವು. ಮೂರೂವರೆ ಅಡಿ ಉದ್ದದ ತುಂಡುಗಳ ತುದಿಗೆ ವ್ಯಾಪಾರಿಗಳು ಸುತ್ತಿಗೆಯಿಂದ ತಮ್ಮ ತಮ್ಮ ಮುದ್ರೆ ಒತ್ತಿ ತೊರೆಗೆ ಬಿಡುತ್ತಿದ್ದರು. ಮೇಲಿನ ಕೊಳಗಳ ತೂಬು ತೆಗೆದರೆ ನೀರು ನುಗ್ಗಿ ಎಲ್ಲರ ಸೌದೆಯನ್ನೂ ಒಟ್ಟಿಗೆ ಕೊಚ್ಚಿಕೊಂಡು ಹೋಗುತ್ತಿತ್ತು. ಕೆಳಗಿನ ಕ್ಲಾಮ್ಸಿ ಊರಲ್ಲಿ ಹಿಡಿದು, ಮುದ್ರೆ ನೋಡಿ ವಿಂಗಡಿಸಿ, 70 ಮೀಟರಿನಷ್ಟು ಉದ್ದದ ತೆಪ್ಪ ಕಟ್ಟಿ ಯೋನ್ ನದಿಯಲ್ಲಿ ಪ್ಯಾರಿಸ್ಸಿಗೆ. ತೆಪ್ಪದವರು ಕಾಲ್ನಡಿಗೆಯಲ್ಲಿ ವಾಪಸ್. ಅವರ ನೆನಪಿನಲ್ಲಿ ನಾವು ಎರಡೆರಡು ತಟ್ಟೆ ಆಲೂಗಡ್ಡೆ ತಿಂದೆವು.

ಎರಡನೆಯ ದಿನ ಸುತ್ತು ದಾರಿಯಾದರೂ ಪೂರ್ವಕ್ಕೆ ಅಲಿನ್ಯಿ ಊರಿಗೆ ಹೋದದ್ದು ಅಲ್ಲಿನ ಮ್ಯೂಸಿಯಮ್ಮಿಗಾಗಿ. ಸೌದೆಯಂತೆ ಹಾಲೂ ಪ್ಯಾರಿಸ್ಸಿಗೆ ಹೋಗುತ್ತಿತ್ತು, ಹಸುವಿನದಲ್ಲ. 19ನೇ ಶತಮಾನದಲ್ಲಿ ಇಲ್ಲಿನ ಬಾಣಂತಿಯರು ತಮ್ಮ ಕೂಸನ್ನು ಅಜ್ಜಿಗೋ ನೆರೆಯವರಿಗೋ ಒಪ್ಪಿಸಿ, ಪ್ಯಾರಿಸ್ಸಿನ ಸಿರಿವಂತರ ಮಕ್ಕಳಿಗೆ ಹಾಲೂಡಿಸಲು ಹೋಗುತ್ತಿದ್ದರು. ಆ ಸಂಬಳದಲ್ಲಿ ಊರಲ್ಲಿ ಕಟ್ಟಿಸಿದ ಗಟ್ಟಿ ಮನೆಗಳಿಗೆ 'ಹಾಲಿನ ಮನೆ' ಎಂದೇ ಹೆಸರು. ಆ ಕಡೆಯಿಂದ ಪ್ಯಾರಿಸ್ಸಿನ ಅನಾಥ ಮಕ್ಕಳನ್ನು ಸಾಕಲು ಇಲ್ಲಿಗೆ ಕಳಿಸುತ್ತಿದ್ದರು. ಅವರಿಗೆ ಊರವರು ಇಟ್ಟ ಹೆಸರು 'ಪುಟ್ಟ ಪ್ಯಾರಿಸ್‌ಗಳು'. ಆಮೇಲೆ ದಾರಿಯುದ್ದಕ್ಕೂ ಹೊಸದಾಗಿ ಗಾರೆ ಬಳಿದ ಪ್ರತಿ ಕಲ್ಲುಮನೆಯನ್ನೂ ಗೆಳೆಯ ಅನುಮಾನದಿಂದ ನೋಡುತ್ತಿದ್ದ. ಸೊಂಟದೆತ್ತರದ ಕ್ರಿಸ್‌ಮಸ್ ಮರಗಳ ತೋಟ ಬಂದಾಗ, "ಇದೂ ಪ್ಯಾರಿಸ್ಸಿಗೇ" ಅಂದ.

ಓ-ಫೋಲಾಂ ತುದಿಯಲ್ಲಿ ಮರ, ಒಂದು ಗೋಪುರ, ಇನ್ನೇನಿಲ್ಲ. ಹತ್ತಿದ್ದಕ್ಕೆ ನೋಟವೂ ಇಲ್ಲ. ಆದರೆ ಅಲ್ಲಿಂದ ಗ್ಲು-ಆಂ-ಗ್ಲೆನ್ ಕಡೆಗಿನ ಇಳಿತ ಮೂರು ದಿನದಲ್ಲೇ ಒಳ್ಳೆಯದು: ಸಣ್ಣ ಜಲ್ಲಿ, ಉದ್ದುದ್ದ ತಿರುವು. ಪಾರ್ಲೆ-ಜಿ ನೆನಪಿಟ್ಟುಕೊಂಡು ನಾನು ಬ್ರೇಕ್ ಹಿಡಿದೇ ಇಳಿದೆ. ಹತ್ತಿರದಲ್ಲೇ ಪ್ರೆನೆಲೆ ಗುಡ್ಡದ ಜೌಗಿನಲ್ಲಿ ಯೋನ್ ನದಿ ಹುಟ್ಟುತ್ತದೆ. ಅಷ್ಟು ಸೌದೆ ಹೊತ್ತ ನದಿಯನ್ನು ಇಲ್ಲಿ ಒಂದು ಹೆಜ್ಜೆಯಲ್ಲಿ ದಾಟಬಹುದು. ಗೆಳೆಯ ಕಡ್ಡಿಯೊಂದನ್ನು ಬಿಟ್ಟ. ಎರಡಡಿ ಹೋಗಿ ಪಾಚಿಗೆ ಸಿಕ್ಕಿ ನಿಂತಿತು.

ಮೂರನೆಯ ಬೆಳಿಗ್ಗೆ ಮಂಜಿನಲ್ಲಿ ಮೊಂ ಬೊವ್ರೆ, 821 ಮೀಟರ್. ಫ್ರಾನ್ಸಿನ ಪ್ರಾಚೀನ ನಿವಾಸಿಗಳಾದ ಗಾಲ್ ಜನರ ಬಿಬ್ರಾಕ್ಟ್ ನಗರವಿದ್ದ ಗುಡ್ಡ. ರೋಮಿನ ಸೀಸರ್ ವಿರುದ್ಧದ ಯುದ್ಧಕ್ಕೆ ಕ್ರಿ.ಪೂ. 52ರಲ್ಲಿ ಗಾಲರು ವೆರ್ಸಿಂಜೆಟೊರಿಕ್ಸನನ್ನು ನಾಯಕನೆಂದು ಒಪ್ಪಿಕೊಂಡದ್ದು ಇಲ್ಲಿ. ಗಾಲರು ಸೋತ ಮೇಲೆ ಆ ಚಳಿಗಾಲವನ್ನು ಸೀಸರ್ ಕಳೆದದ್ದೂ ಇಲ್ಲೇ. ನನಗೆ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಬೀಚ್ ಮರಗಳು. ಹಿಂದೆ ಬೇಲಿಗೆಂದು ಎಳೆಯ ಕೊಂಬೆಗಳನ್ನು ಬಗ್ಗಿಸಿ ಒಂದಕ್ಕೊಂದು ಹೆಣೆದಿದ್ದರು. ಬೇಲಿ ಕೇಳುವವರು ಹೋದ ಮೇಲೆ ಮರಗಳು ಹೆಣೆದ ಹಾಗೇ ದಪ್ಪವಾಗಿವೆ: ಮೊಣಕೈ ಊರಿ ಮಲಗಿ, ಅಲ್ಲಿಂದ ಎದ್ದು ಮೇಲಕ್ಕೆ. ಇವಕ್ಕೆ ಇಲ್ಲಿನವರು 'ಕೊಲ್' ಅನ್ನುತ್ತಾರೆ. ನಾಟಾಕ್ಕೆ ಬಾರದ ಮರ.

ಎತಾಂ-ಸ್ಯುರ್-ಅರು ನಿಲ್ದಾಣದವರೆಗೆ ಬರೀ ಇಳಿತ, ಬಿಳಿಯ ಶರೋಲೆ ದನಗಳು. ರೈಲು ಹಿಡಿದು ದಿಜೋಂ, ಅಲ್ಲಿಂದ ಪ್ಯಾರಿಸ್.

ಹೊಸ ಟಯರ್ ತರುವಷ್ಟರಲ್ಲಿ ಹದಿನೈದು ದಿನ ಕಳೆಯಿತು. ಹಳೆಯದನ್ನು ಬಿಚ್ಚಿದಾಗ ಕವರು ಟ್ಯೂಬಿಗೆ ಅಂಟಿಕೊಂಡು ಒಳಗೇ ಇತ್ತು. ಮೊರ್ವಾಂನ ಮರಳು ಉಜ್ಜಿ ಮಗುವಿನ ಒಂದು ಕೆನ್ನೆ ಅಳಿಸಿಹೋಗಿತ್ತು. ಫೋಟೊ ತೆಗೆದು ಗೆಳೆಯನಿಗೆ ಕಳಿಸಿದೆ. "ಪುಟ್ಟ ಪ್ಯಾರಿಸ್ ವಾಪಸ್ ಬಂತಾ?" ಅಂತ ಉತ್ತರ ಬಂತು.