ಹಳೆ ಹಡಗಿನಲ್ಲಿ ಮುಂಬೈ–ಗೋವಾ: ಹೋಗುವವರಿಗೆ ಒಂದಿಷ್ಟು ಮಾತು

ಮುಂಬೈಯಿಂದ ಗೋವಾಕ್ಕೆ ಹೋಗಿಬರುವ ಕ್ರೂಸ್ ಬಗ್ಗೆ ಯಾರೇ ವಿಚಾರಿಸಲಿ, ಮೊದಲು ಕೇಳುವುದು ಒಂದೇ ಪ್ರಶ್ನೆ: "ರೀಲ್ಸ್‌ನಲ್ಲಿ ತೋರಿಸ್ತಾರಲ್ಲ, ಹಾಗೇ ಇರುತ್ತಾ?" ಇರುವುದಿಲ್ಲ. ಒಳಗೇ ವಾಟರ್ ಪಾರ್ಕ್ ಇಟ್ಟುಕೊಂಡ, ಇಪ್ಪತ್ತು ಮಹಡಿ ಎತ್ತರದ ಆ ಹಡಗುಗಳು ಅಮೆರಿಕದ ಮಯಾಮಿ ಕಡೆಯವು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಓಡುವ, ಕಾರ್ಡೀಲಿಯಾ ಅನ್ನುವ ಕ್ರೂಸ್ ಕಂಪನಿಯವರ 'ಎಂಪ್ರೆಸ್' ಚಿಕ್ಕದು, ಅದಕ್ಕೆ ವಯಸ್ಸೂ ಆಗಿದೆ. ಆದರೆ ಎರಡು ಮೂರು ರಾತ್ರಿಯ ಪ್ರವಾಸಕ್ಕೆ ಇಂಥ ಹಡಗೇ ಸರಿ ಅಂತ ನನಗೆ ಅನಿಸಿತು. ಒಳಗೆ ಏನಿರುತ್ತದೆ, ಏನಿರುವುದಿಲ್ಲ ಅಂತ ಮೊದಲೇ ಗೊತ್ತಿರಬೇಕು, ಅಷ್ಟೇ.

ಈ ಹಡಗಿನ ಕಥೆ ಸ್ವಲ್ಪ ಸ್ವಾರಸ್ಯವಾಗಿದೆ. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ್ದು. 1990ರಲ್ಲಿ 'ನಾರ್ಡಿಕ್ ಎಂಪ್ರೆಸ್' ಅನ್ನುವ ಹೆಸರಲ್ಲಿ ರಾಯಲ್ ಕೆರಿಬಿಯನ್ ಕಂಪನಿಗೆ ಕೆಲಸ ಶುರು ಮಾಡಿತು. ಮಯಾಮಿಯಿಂದ ಬಹಾಮಾಸ್ ದ್ವೀಪಗಳಿಗೆ ಮೂರು ನಾಲ್ಕು ರಾತ್ರಿಯ ಟ್ರಿಪ್ ಹೊಡೆಯಲೆಂದೇ ಇದನ್ನು ಕಟ್ಟಿದ್ದರು. ಆಮೇಲೆ 'ಎಂಪ್ರೆಸ್ ಆಫ್ ದ ಸೀಸ್' ಆಯಿತು, ನಡುವೆ ಸ್ಪೇನಿನ ಕಂಪನಿಯೊಂದಕ್ಕೆ ದುಡಿಯಿತು, ವಾಪಸ್ ಬಂದು ಕ್ಯೂಬಾಕ್ಕೂ ಜನರನ್ನು ಕರೆದುಕೊಂಡು ಹೋಯಿತು. 2021ರಲ್ಲಿ ನಮ್ಮ ದೇಶಕ್ಕೆ ಬಂತು. ಗಾತ್ರ ಸುಮಾರು 48,500 ಗ್ರಾಸ್ ಟನ್ (ಇದು ತೂಕವಲ್ಲ, ಹಡಗಿನ ಒಳಜಾಗದ ಅಳತೆ), ಉದ್ದ 211 ಮೀಟರ್. 2024ರಲ್ಲಿ ಬಂದ ದೊಡ್ಡ ಹಡಗು 'ಐಕಾನ್ ಆಫ್ ದ ಸೀಸ್' ಸುಮಾರು 2,48,000 ಟನ್, 365 ಮೀಟರ್. ಅಂದರೆ ನಮ್ಮದರಂಥ ಐದು ಅದರಲ್ಲಿ ಹಿಡಿಸುತ್ತವೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಚಿಕ್ಕ ಟ್ರಿಪ್‌ಗೆ ಅಂತ ಕಟ್ಟಿದ ಹಡಗಿನಲ್ಲಿ ರೂಮು ಚಿಕ್ಕದಿರುತ್ತದೆ, ಎಲ್ಲರೂ ಸೇರುವ ಜಾಗ ದೊಡ್ಡದಿರುತ್ತದೆ. ಆ ಕಾಲದ ಲೆಕ್ಕಾಚಾರವೇ ಅದು: ಎರಡು ರಾತ್ರಿಗೆ ಬಂದವರು ರೂಮಿನಲ್ಲಿ ಯಾಕೆ ಕೂರುತ್ತಾರೆ? ಬಾಲ್ಕನಿ ಇರುವ ರೂಮುಗಳು ಕೆಲವೇ ಕೆಲವು, ಅವೂ ಸೂಟ್ ದರ್ಜೆಯವು. ಹೊಸ ಹಡಗುಗಳಲ್ಲಿ ಸಾಧಾರಣ ಟಿಕೆಟ್‌ಗೂ ಬಾಲ್ಕನಿ ಸಿಗುತ್ತದೆ. ಇಲ್ಲಿ ಆ ಆಸೆ ಬೇಡ.

ಸಾಧಾರಣ ರೂಮು ಅಂದರೆ ನೂರು ಚದರಡಿಗಿಂತ ಸ್ವಲ್ಪ ಜಾಸ್ತಿ. ಎರಡು ಮಂಚ, ಒಂದು ಪುಟ್ಟ ಮೇಜು, ಕಪಾಟು, ಬಚ್ಚಲು. ಮೂರನೆಯವರು, ನಾಲ್ಕನೆಯವರು ಇದ್ದರೆ ಗೋಡೆಯಿಂದ ಮೇಲಿನ ಬರ್ತ್ ಇಳಿಸಿಕೊಡುತ್ತಾರೆ. ನಮ್ಮ ಅತ್ತೆ ಬಾಗಿಲು ತೆರೆದವರೇ, "ಏನಮ್ಮಾ ಇದು, ರೈಲಿನ ಫಸ್ಟ್ ಕ್ಲಾಸ್ ಡಬ್ಬಿ ಥರ ಇದೆ" ಅಂದರು. ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ದೊಡ್ಡ ಟ್ರಾಲಿ ಸೂಟ್‌ಕೇಸ್ ತಂದರೆ ಅದನ್ನು ಮಂಚದ ಕೆಳಗೆ ತಳ್ಳಬೇಕು. ಇಲ್ಲದಿದ್ದರೆ ಕಾಲಿಡಲು ಜಾಗ ಇರುವುದಿಲ್ಲ. ಮೆತ್ತನೆಯ ಬ್ಯಾಗ್ ತನ್ನಿ, ಮಡಚಿ ಇಡಬಹುದು. ಟಾಯ್ಲೆಟ್ ಫ್ಲಶ್ ಮಾಡಿದಾಗ 'ಧೊಸ್' ಅಂತ ಜೋರಾಗಿ ಸದ್ದು ಬರುತ್ತದೆ. ಎಲ್ಲ ಹಡಗುಗಳಲ್ಲೂ ಹೀಗೇ. ವಿಮಾನದಲ್ಲಿರುವಂತೆ ಗಾಳಿಯಿಂದ ಎಳೆಯುವ ವ್ಯವಸ್ಥೆ ಅದು. ಮಕ್ಕಳಿಗೆ ಮೊದಲೇ ಹೇಳಿಡಿ, ರಾತ್ರಿ ಬೆಚ್ಚಿ ಬೀಳುತ್ತವೆ.

ಬುಕ್ ಮಾಡುವಾಗ ಎಲ್ಲರೂ ತಲೆ ಕೆಡಿಸಿಕೊಳ್ಳುವುದು ಕಿಟಕಿ ಇರುವ ರೂಮೋ, ಇಲ್ಲದ್ದೋ ಅಂತ. ನನ್ನ ಪ್ರಕಾರ ಅದಕ್ಕಿಂತ ಮುಖ್ಯ ರೂಮು ಎಲ್ಲಿದೆ ಅನ್ನುವುದು. ಹಡಗಿನ ಹಿಂಭಾಗದ ಕೆಳಗಿನ ಡೆಕ್‌ಗಳಲ್ಲಿ ಎಂಜಿನ್, ಪ್ರೊಪೆಲರ್‌ಗಳ ನಡುಕ ಗೊತ್ತಾಗುತ್ತದೆ. ಹಳೆಯ ಹಡಗುಗಳಲ್ಲಿ ಇದು ಇದ್ದದ್ದೇ. ಮುಂಭಾಗದಲ್ಲಿ ಅಲೆಗೆ ಏರಿಳಿತ ಜಾಸ್ತಿ. ಥಿಯೇಟರ್, ಡಿಸ್ಕೊ ಇರುವ ಡೆಕ್‌ನ ಮೇಲೆ ಕೆಳಗೆ ಸಿಕ್ಕರೆ ನಡುರಾತ್ರಿವರೆಗೆ ದಬದಬ. ನಡುಭಾಗದ ಕೆಳಗಿನ ಡೆಕ್ ಹಿಡಿಯಿರಿ, ಅಲ್ಲಿ ತೂಗಾಟ ಎಲ್ಲಕ್ಕಿಂತ ಕಡಿಮೆ. ಡೆಕ್ ಪ್ಲಾನ್ ಕಂಪನಿಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದನ್ನು ನೋಡಿಕೊಂಡು ರೂಮ್ ನಂಬರ್ ನೀವೇ ಆರಿಸಿ, ಏಜೆಂಟ್ ಕೈಗೆ ಬಿಡಬೇಡಿ.

ಕಿಟಕಿಯೇ ಬೇಕು ಅಂದರೂ ಒಂದು ಲೆಕ್ಕ ಇದೆ. ಮುಂಬೈಯಿಂದ ಗೋವಾಕ್ಕೆ ಹಡಗು ದಕ್ಷಿಣಕ್ಕೆ ಹೋಗುತ್ತದೆ. ಹಾಗಾಗಿ ಹೋಗುವಾಗ ಬಲಗಡೆ ಪಶ್ಚಿಮ, ಸೂರ್ಯ ಮುಳುಗುವುದು ಆ ಕಡೆ. ಎಡಗಡೆ ಕೊಂಕಣ ತೀರ. ಬರುವಾಗ ತಿರುವುಮುರುವು. ತೀರ ಕಾಣುತ್ತದೆ ಅಂತ ಎಡಗಡೆ ಹಿಡಿದರೆ ನಿರಾಸೆ ಆಗಬಹುದು, ಯಾಕೆಂದರೆ ಹಡಗು ಬಹಳಷ್ಟು ಹೊತ್ತು ದಡದಿಂದ ದೂರವೇ ಇರುತ್ತದೆ. ರಾತ್ರಿ ಕಾಣುವ ದೀಪಗಳು ಹೆಚ್ಚಾಗಿ ಮೀನುಗಾರರ ಬೋಟಿನವು. ಕಿಟಕಿಗೆ ಕೊಡುವ ಹೆಚ್ಚುವರಿ ದುಡ್ಡನ್ನು ಉಳಿಸಿಕೊಂಡು ಮೇಲಿನ ಡೆಕ್‌ಗೆ ಹೋಗಿ ಕುಳಿತುಕೊಳ್ಳಿ ಅನ್ನುತ್ತೇನೆ ನಾನು. ಕಿಟಕಿ ಇಲ್ಲದ ರೂಮಿನಲ್ಲಿ ಕತ್ತಲೆ ಗವ್ವೆನ್ನುತ್ತದೆ ನಿಜ, ನಿದ್ದೆ ಮಾತ್ರ ಚೆನ್ನಾಗಿ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿದಂತಾಗುವವರು ಮಾತ್ರ ಈ ಸಲಹೆ ಬಿಡಿ.

ಇನ್ನು ದುಡ್ಡಿನ ವಿಷಯ. ಜಾಹೀರಾತಿನ ದರ ತಲಾ ಲೆಕ್ಕದ್ದು, ಅದೂ ಒಂದು ರೂಮಿಗೆ ಇಬ್ಬರು ಅಂದುಕೊಂಡು. ಒಬ್ಬರೇ ಹೋದರೆ ಜಾಸ್ತಿ ಕೊಡಬೇಕು. ಅದರ ಮೇಲೆ ಬಂದರಿನ ಶುಲ್ಕ, ಸಿಬ್ಬಂದಿಯ ಟಿಪ್ಸ್, ಜಿಎಸ್‌ಟಿ ಸೇರುತ್ತವೆ. ಕೊನೆಯ ಪರದೆಯಲ್ಲಿ ಬರುವ ಮೊತ್ತವನ್ನೇ ಬೇರೆ ಪ್ರವಾಸಗಳ ಜೊತೆ ಹೋಲಿಸಿ. ನಮಗೆ ಟಿಕೆಟ್ ಮಾಡಿಕೊಟ್ಟ ಏಜೆಂಟ್ "ಎಲ್ಲಾ ಇನ್‌ಕ್ಲೂಡೆಡ್ ಮೇಡಂ" ಅಂತ ಹೇಳಿದ್ದ. ಅವನ 'ಎಲ್ಲಾ' ಅಂದರೆ ರೂಮು, ಮೂರು ಹೊತ್ತಿನ ಊಟ, ಈಜುಕೊಳ, ಸಂಜೆಯ ಕೆಲವು ಕಾರ್ಯಕ್ರಮ ಅಷ್ಟೇ. ಬಾರ್, ವಿಶೇಷ ರೆಸ್ಟೋರೆಂಟ್, ಸ್ಪಾ, ವೈಫೈ, ಕ್ಯಾಸಿನೊ, ದಡದ ಮೇಲಿನ ಪ್ರವಾಸ ಎಲ್ಲಕ್ಕೂ ಬೇರೆ ದುಡ್ಡು. ಹಡಗಿನೊಳಗೆ ಹೆಚ್ಚಿನ ಖರ್ಚೆಲ್ಲ ರೂಮಿನ ಕಾರ್ಡ್ ಮೇಲೇ ಬರೆಯುತ್ತಾರೆ. ಕೈಯಿಂದ ನೋಟು ಹೋಗದ ಕಾರಣ ಖರ್ಚಾದದ್ದು ಗೊತ್ತೇ ಆಗುವುದಿಲ್ಲ. ದಿನಾ ರಾತ್ರಿ ಕೌಂಟರಿಗೆ ಹೋಗಿ ಬಿಲ್ ಎಷ್ಟಾಯಿತು ಅಂತ ಕೇಳಿ. ಮಕ್ಕಳ ಕೈಗೆ ಕಾರ್ಡ್ ಕೊಟ್ಟಿದ್ದರಂತೂ ಖಂಡಿತಾ ಕೇಳಿ.

ಹತ್ತುವುದು ಬ್ಯಾಲಾರ್ಡ್ ಪಿಯರ್‌ನಲ್ಲಿ. ಸಿಎಸ್‌ಎಂಟಿ ರೈಲ್ವೆ ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ಹತ್ತು ನಿಮಿಷದ ದಾರಿ. ಬೆಂಗಳೂರು, ರಾಯಚೂರು, ಕಲಬುರಗಿ ಕಡೆಯವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ನೇರ ಸಿಎಸ್‌ಎಂಟಿಗೇ ಹೋಗುತ್ತದೆ. ಬೆಂಗಳೂರಿನಿಂದ ರಾತ್ರಿ ಹೊರಟರೆ ಮರುದಿನ ರಾತ್ರಿ ಮುಂಬೈ. ಅಂದರೆ ಹಡಗಿನ ಹಿಂದಿನ ದಿನವೇ ತಲುಪಿ ಫೋರ್ಟ್ ಕಡೆ ಒಂದು ರಾತ್ರಿ ಲಾಡ್ಜ್ ಮಾಡಬೇಕು. ವಿಮಾನದಲ್ಲಿ ಹೋಗುವವರೂ ಆ ದಿನದ ಮೊದಲ ಫ್ಲೈಟ್ ಹಿಡಿಯಿರಿ. ವಿಮಾನ ನಿಲ್ದಾಣದಿಂದ ಬಂದರು ತಲುಪಲು ಮುಂಬೈ ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಇಟ್ಟುಕೊಳ್ಳಬೇಕು. ಹಡಗು ನಿಮಗೋಸ್ಕರ ಕಾಯುವುದಿಲ್ಲ.

ಬಂದರಿನಲ್ಲಿ ಸಾಮಾನು ಸ್ಕ್ಯಾನ್ ಆಗುತ್ತದೆ. ಇಸ್ತ್ರಿಪೆಟ್ಟಿಗೆ, ಕೆಟಲ್, ಎಕ್ಸ್‌ಟೆನ್ಷನ್ ಬೋರ್ಡ್, ಮದ್ಯದ ಬಾಟಲಿ ಒಳಗೆ ಬಿಡುವುದಿಲ್ಲ. ಹಡಗಿನಲ್ಲಿ ಬೆಂಕಿಗೆ ಹೆದರುವಷ್ಟು ನೀರಿಗೂ ಹೆದರುವುದಿಲ್ಲ. ಚಕ್ಕುಲಿ, ಅವಲಕ್ಕಿಯ ಡಬ್ಬಗಳನ್ನೂ ಮನೆಯಲ್ಲೇ ಬಿಡಿ. ಮಗುವಿನ ಆಹಾರ, ವೈದ್ಯರ ಚೀಟಿ ಇರುವ ಔಷಧಿಗೆ ತೊಂದರೆ ಇಲ್ಲ. ದೇಶದೊಳಗಿನ ಪ್ರವಾಸವಾದರೂ ಎಲ್ಲರ ಗುರುತಿನ ಚೀಟಿ ಬೇಕು, ಮಕ್ಕಳದ್ದೂ ಸೇರಿ. ಲಕ್ಷದ್ವೀಪಕ್ಕೆ ಹೋಗುವ ಟ್ರಿಪ್ ಆದರೆ ಪ್ರವೇಶ ಪರವಾನಗಿ ಯಾರು ಮಾಡಿಸುತ್ತಾರೆ ಅಂತ ಬುಕ್ ಮಾಡುವಾಗಲೇ ಕೇಳಿ. ಅಲ್ಲಿ ಇಷ್ಟು ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ, ಚಿಕ್ಕ ಬೋಟಿಗೆ ಇಳಿದು ಹೋಗಬೇಕು. ಅಲೆ ಜೋರಿದ್ದರೆ ಇಳಿಸುವುದೇ ಇಲ್ಲ. ಮಂಡಿ ನೋವಿರುವ ಹಿರಿಯರಿದ್ದರೆ ಗೋವಾ ಟ್ರಿಪ್ಪೇ ವಾಸಿ.

ಹೊರಡುವ ಮೊದಲು ಸುರಕ್ಷತೆಯ ಡ್ರಿಲ್ ಇರುತ್ತದೆ. ಏಳು ಚಿಕ್ಕ ಸೈರನ್, ಒಂದು ಉದ್ದದ ಸೈರನ್. ಇದು ಜಗತ್ತಿನ ಎಲ್ಲ ಪ್ರಯಾಣಿಕರ ಹಡಗುಗಳಿಗೂ ಒಂದೇ ಸಂಕೇತ. "ಯಾರು ಹೋಗ್ತಾರೆ ಬಿಡಿ" ಅಂತ ಬಾರ್‌ನಲ್ಲಿ ಕೂರುವವರು ಇದ್ದೇ ಇರುತ್ತಾರೆ. ನೀವು ಹೋಗಿ. ನಿಮ್ಮ ರೂಮಿನಿಂದ ಲೈಫ್‌ಬೋಟ್ ಜಾಗಕ್ಕೆ ಯಾವ ಮೆಟ್ಟಿಲು ಅಂತ ಒಮ್ಮೆ ನಡೆದು ನೋಡಿ. ಹಳೆ ಹಡಗು ಅಂದರೆ ಅಪಾಯ ಅಂತ ಹೆದರುವವರೂ ಇದ್ದಾರೆ. ಪ್ರಯಾಣಿಕರ ಹಡಗಿನ ಸುರಕ್ಷತಾ ಪ್ರಮಾಣಪತ್ರ ಒಂದೇ ವರ್ಷದ್ದು. ಪ್ರತಿ ವರ್ಷ ತಪಾಸಣೆ ಆಗಿಯೇ ಮುಂದಿನದು ಸಿಗುತ್ತದೆ. ರೇಲಿಂಗ್ ಮೇಲೆ ಅಲ್ಲಲ್ಲಿ ಪೇಂಟಿನ ತೇಪೆ ಕಂಡರೆ ಗಾಬರಿ ಬೇಡ. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುವುದು, ಅದಕ್ಕೆ ದಿನಾ ಯಾರಾದರೂ ಬಣ್ಣ ಬಳಿಯುವುದು ಹಡಗಿನ ನಿತ್ಯದ ಕೆಲಸ. ಡೆಕ್‌ಗೆ ಹೋಗುವ ಬಾಗಿಲುಗಳ ಹೊಸ್ತಿಲು ಎತ್ತರ ಇರುತ್ತದೆ. ಸೀರೆ ಉಟ್ಟವರು ಜೋಪಾನ.

ವಾಂತಿ, ತಲೆಸುತ್ತಿನ ಭಯ ಎಲ್ಲರಿಗೂ. ನವೆಂಬರಿನಿಂದ ಫೆಬ್ರವರಿವರೆಗೆ ಅರಬ್ಬಿ ಸಮುದ್ರ ಶಾಂತ. ಆ ತಿಂಗಳುಗಳಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಮಳೆಗಾಲ ಮುಗಿದ ತಕ್ಷಣದ ಟ್ರಿಪ್‌ಗಳಲ್ಲಿ ತೂಗಾಟ ಜಾಸ್ತಿ. ಅಕ್ಕಪಕ್ಕದ ಹೊರಳಾಟ ತಡೆಯಲು ಹಡಗಿನ ಎರಡೂ ಬದಿಗೆ ನೀರಿನೊಳಗೆ ರೆಕ್ಕೆಗಳಂಥವು ಇರುತ್ತವೆ, ಆದರೆ ಮುಂದೆ ಹಿಂದೆ ಏರಿಳಿಯುವುದನ್ನು ಅವು ತಡೆಯುವುದಿಲ್ಲ. ಘಾಟ್ ರಸ್ತೆಯಲ್ಲಿ ಬಸ್ಸಿನಲ್ಲಿ ವಾಂತಿ ಮಾಡುವ ಅಭ್ಯಾಸ ಇದ್ದವರು ವೈದ್ಯರನ್ನು ಕೇಳಿ ಮಾತ್ರೆ ತಂದುಕೊಳ್ಳಿ. ಮಾತ್ರೆ ತೆಗೆದುಕೊಳ್ಳಬೇಕಾದ್ದು ಹಡಗು ಹೊರಡುವ ಮೊದಲು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಖಾಲಿ ಹೊಟ್ಟೆಯಲ್ಲಿ ಇರಬೇಡಿ. ರೂಮಿನಲ್ಲಿ ಮಲಗಿ ಫೋನ್ ನೋಡುವುದನ್ನು ಬಿಟ್ಟು ಡೆಕ್‌ಗೆ ಹೋಗಿ ದೂರದ ಬಾನಂಚು ನೋಡಿ. ನಮ್ಮ ಅತ್ತೆ ಉಪ್ಪು ಹಚ್ಚಿ ಒಣಗಿಸಿದ ನೆಲ್ಲಿಕಾಯಿ ಬಾಯಲ್ಲಿಟ್ಟುಕೊಂಡೇ ಆರಾಮಾಗಿದ್ದರು. ವಿಜ್ಞಾನ ಏನನ್ನುತ್ತದೋ, ನಾನಂತೂ ಎರಡು ಕೇಳಿ ತಿಂದೆ.

ಫೋನಿನ ವಿಷಯ ಮರೆಯಬೇಡಿ. ದಡ ಬಿಟ್ಟ ಸ್ವಲ್ಪ ಹೊತ್ತಿಗೆ ಸಿಗ್ನಲ್ ಹೋಗುತ್ತದೆ. ಆಗಲೇ ಏರೋಪ್ಲೇನ್ ಮೋಡ್‌ಗೆ ಹಾಕಿ. ಹಡಗುಗಳಲ್ಲಿ ಸ್ಯಾಟಲೈಟ್ ಮೂಲಕ ನಡೆಯುವ ಮೊಬೈಲ್ ನೆಟ್‌ವರ್ಕ್ ಇರುವುದುಂಟು. ರೋಮಿಂಗ್ ಆನ್ ಇದ್ದ ಫೋನ್ ತಾನಾಗೇ ಅದಕ್ಕೆ ಅಂಟಿಕೊಂಡರೆ ಬಿಲ್ ನೋಡಿ ಕಣ್ಣು ಬಿಡಬೇಕಾಗುತ್ತದೆ. ಆಫೀಸಿಗೆ "ಎರಡು ದಿನ ಸಿಗಲ್ಲ" ಅಂತ ಹೇಳಿಬಿಡಿ. ಇದಕ್ಕಿಂತ ಒಳ್ಳೆ ನೆಪ ಸಿಗುತ್ತಾ?

ಊಟ ದೊಡ್ಡ ಚಿಂತೆಯೇ ಅಲ್ಲ. ಹೆಚ್ಚಿನವರು ಮುಂಬೈ, ಗುಜರಾತಿನ ಕಡೆಯವರು. ಸಸ್ಯಾಹಾರ ಬೇಕಾದಷ್ಟು, ಈರುಳ್ಳಿ ಬೆಳ್ಳುಳ್ಳಿ ಹಾಕದ ಜೈನ ಅಡುಗೆಯೂ ಸಿಗುತ್ತದೆ. ಅತ್ತೆಗೆ ಅದೇ ಸಾಕಾಯಿತು. ಇಡ್ಲಿ ಸಾಂಬಾರ್ ಇರುತ್ತದೆ, ಅದರ ಮೇಲೆ ಬಹಳ ಭರವಸೆ ಬೇಡ. ಸಾವಿರಕ್ಕೂ ಹೆಚ್ಚು ಜನ ಒಂದೇ ಹೊತ್ತಿಗೆ ಹಸಿದರೆ ಸಾಲು ಇದ್ದೇ ಇರುತ್ತದೆ. ಬಫೆ ತೆರೆದ ತಕ್ಷಣ ಹೋಗಿ, ಇಲ್ಲವೇ ಮುಚ್ಚುವ ಅರ್ಧ ಗಂಟೆ ಮೊದಲು. ನಿಜವಾಗಿ ಸಮಯ ಕಳೆಯಬೇಕಾದ ಜಾಗ ಮೇಲಿನ ಡೆಕ್. ಬೆಳಿಗ್ಗೆ ಆರರಿಂದ ಏಳರವರೆಗೆ ಅಲ್ಲಿ ಯಾರೂ ಇರುವುದಿಲ್ಲ, ಹತ್ತರ ಹೊತ್ತಿಗೆ ಈಜುಕೊಳದ ಸುತ್ತ ಕಾಲಿಡಲು ಆಗುವುದಿಲ್ಲ. ಚಿಕ್ಕ ಹಡಗಿನ ಲಾಭವೂ ಇಲ್ಲೇ ಗೊತ್ತಾಗುತ್ತದೆ. ಮೊದಲ ಸಂಜೆಗೇ ದಾರಿಗಳೆಲ್ಲ ಬಾಯಿಪಾಠ. ಅತ್ತೆ ಒಬ್ಬರೇ ರೂಮಿಂದ ಡೆಕ್‌ಗೆ, ಡೆಕ್‌ನಿಂದ ಊಟಕ್ಕೆ ಓಡಾಡಿದರು. ಮಗನನ್ನು ಹುಡುಕಬೇಕಾದರೆ ನೋಡಬೇಕಾದ್ದು ಮೂರೇ ಜಾಗ.

ಗೋವಾದಲ್ಲಿ ಹಡಗು ನಿಲ್ಲುವುದು ವಾಸ್ಕೊ ಪಕ್ಕದ ಮೊರ್ಮುಗಾವ್ ಬಂದರಿನಲ್ಲಿ. ಕಲ್ಲಿದ್ದಲು, ಕಬ್ಬಿಣದ ಅದಿರು ಇಳಿಸಿ ಏರಿಸುವ ಬಂದರು ಅದು, ಇಳಿದ ಕೂಡಲೇ ತೆಂಗಿನ ಮರ, ಮರಳು ಕಾಣುವುದಿಲ್ಲ. ಪಣಜಿ ಅಲ್ಲಿಂದ ಸುಮಾರು 30 ಕಿಲೋಮೀಟರ್. ಕೈಯಲ್ಲಿರುವುದು ಕೆಲವೇ ಗಂಟೆ. ಬಾಗಾ, ಕಲಂಗುಟ್ ಅಂತ ಉತ್ತರ ಗೋವಾಕ್ಕೆ ಓಡಿದರೆ ದಾರಿಯಲ್ಲೇ ದಿನ ಮುಗಿಯುತ್ತದೆ. ಹತ್ತಿರದ ಬೋಗ್ಮಾಲೊ ಬೀಚ್ ಸಾಕು, ದಾಬೋಳಿಯಲ್ಲಿ ನೌಕಾಪಡೆಯ ವಿಮಾನಗಳ ಮ್ಯೂಸಿಯಂ ಇದೆ, ಮಕ್ಕಳಿಗೆ ಖುಷಿ. ಕರಾವಳಿಯ ಎಷ್ಟೋ ಮನೆತನಗಳಿಗೆ ಗೋವಾದ ಮಂಗೇಶಿ ದೇವಸ್ಥಾನದ ಮಂಗೇಶನೇ ಕುಲದೇವರು. ಅಂಥವರು ದರ್ಶನ ಮಾಡಿ ಬರಲು ಸಾಧ್ಯವಿದೆ, ಒಂದು ಕಡೆಗೆ ಒಂದು ಗಂಟೆ ಹಿಡಿಯಬಹುದು. ಬೆಂಗಳೂರಿನ ಹಾಗೆ ಆ್ಯಪ್‌ನಲ್ಲಿ ಕರೆದ ತಕ್ಷಣ ಟ್ಯಾಕ್ಸಿ ಬರುತ್ತದೆ ಅಂತ ನಂಬಬೇಡಿ. ಹೋಗಿಬರುವುದಕ್ಕೆ, ಕಾಯುವುದಕ್ಕೆ ಸೇರಿಸಿ ದರ ಮೊದಲೇ ಮಾತಾಡಿ. ಹಡಗಿನವರು ಹೇಳಿದ ಸಮಯಕ್ಕಿಂತ ಒಂದು ಗಂಟೆ ಮುಂಚೆ ಬಂದರಿನಲ್ಲಿರಿ. ಇಳಿಯದೇ ಹಡಗಿನಲ್ಲೇ ಉಳಿಯುವುದೂ ಕೆಟ್ಟದ್ದೇನಲ್ಲ. ಗೋವಾವನ್ನು ಹಿಂದೆ ನೋಡಿದವರಾದರೆ ನಾನು ಅದನ್ನೇ ಹೇಳುವುದು. ಜನರೆಲ್ಲ ಇಳಿದು ಹೋದ ಮೇಲೆ ಈಜುಕೊಳ ಪೂರ್ತಿ ನಿಮ್ಮದೇ.

ಕೊನೆಯ ರಾತ್ರಿ ದೊಡ್ಡ ಬ್ಯಾಗುಗಳನ್ನು ರೂಮಿನ ಹೊರಗಿಡಲು ಹೇಳುತ್ತಾರೆ. ಬೆಳಿಗ್ಗೆ ಹಾಕುವ ಬಟ್ಟೆ, ಔಷಧಿ, ಚಾರ್ಜರ್ ಕೈಚೀಲದಲ್ಲಿರಲಿ. ಮುಂಬೈಯಲ್ಲಿ ಇಳಿಯುವುದು ಸರದಿಯ ಪ್ರಕಾರ, ತಡವಾಗಬಹುದು. ವಾಪಸ್ ಉದ್ಯಾನ್ ಬೆಳಿಗ್ಗೆಯೇ ಹೊರಟುಬಿಡುವುದರಿಂದ ಅದೇ ದಿನ ಸಿಗುವುದಿಲ್ಲ. ವಿಮಾನವಾದರೆ ಮಧ್ಯಾಹ್ನ ಮೂರರ ಮೇಲಿನದನ್ನೇ ಬುಕ್ ಮಾಡಿ. ಅಷ್ಟು ಹೊತ್ತು ಏನು ಮಾಡುವುದು ಅಂದರೆ, ವಿಮಾನ ನಿಲ್ದಾಣದ ದಾರಿಯಲ್ಲಿ ಮಾಟುಂಗಾ ಸಿಗುತ್ತದೆ. ಕಿಂಗ್ಸ್ ಸರ್ಕಲ್ ಸುತ್ತಮುತ್ತ ಹಳೆಯ ಉಡುಪಿ ಹೋಟೆಲುಗಳಿವೆ. ಬ್ಯಾಗುಗಳ ಸಮೇತ ಅಲ್ಲಿ ಇಳಿದು ಮಸಾಲೆ ದೋಸೆ, ಕಾಫಿ ಮುಗಿಸಿಕೊಂಡು ಹೋಗಿ. ಭಾನುವಾರ ಆದರೆ ಮಾತ್ರ ಅಲ್ಲೂ ಸಾಲು ನಿಲ್ಲಬೇಕು.