ಕುಡಿತ ಹಳೆಯದಾದಾಗ ರಕ್ತದ ಲೆಕ್ಕ

ನೂರು ಮಿಲಿಲೀಟರ್ ರಕ್ತದಲ್ಲಿ ಇಷ್ಟು ಮಿಲಿಗ್ರಾಂ ಮದ್ಯಸಾರವಿದೆ ಎಂಬ ವರದಿಯನ್ನು ಓದುವಾಗ, ಆ ರಕ್ತ ಅಪರೂಪಕ್ಕೊಮ್ಮೆ ಕುಡಿಯುವವರದೋ ವರ್ಷಗಟ್ಟಲೆ ನಿತ್ಯ ಕುಡಿಯುತ್ತ ಬಂದವರದೋ ಎಂದು ಕೇಳದೆ ಮುಂದೆ ಹೋಗುವುದು ನನಗೆ ಸರಿಯೆನಿಸುವುದಿಲ್ಲ.

ಮದ್ಯಸಾರದ ಬಹುಪಾಲನ್ನು ಕರಗಿಸುವುದು ಯಕೃತ್ತು. ಅಲ್ಲಿನ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಬೇಗನೆ ತನ್ನ ಗರಿಷ್ಠ ವೇಗವನ್ನು ಮುಟ್ಟಿಬಿಡುವುದರಿಂದ, ಕುಡಿದದ್ದು ಎಷ್ಟೇ ಇರಲಿ, ರಕ್ತದ ಮಟ್ಟ ಸಾಮಾನ್ಯವಾಗಿ ಗಂಟೆಗೆ 10ರಿಂದ 20 ಮಿಲಿಗ್ರಾಂನಂತೆ ಇಳಿಯುತ್ತದೆ. ನಿತ್ಯ ವಿಪರೀತ ಕುಡಿಯುವವರಲ್ಲಿ ಸಿವೈಪಿ2ಇ1 ಎಂಬ ಇನ್ನೊಂದು ಕಿಣ್ವವೂ ಹೆಚ್ಚಾಗುತ್ತ ಹೋಗಿ, ಆ ಇಳಿತ 25, 30, ಕೆಲವೊಮ್ಮೆ 35ರವರೆಗೂ ಏರುತ್ತದೆ. ಅಪಘಾತವಾಗಿ ಐದು ಗಂಟೆಯ ಬಳಿಕ ತೆಗೆದ ರಕ್ತದಲ್ಲಿ 50 ಮಿಲಿಗ್ರಾಂ ಸಿಕ್ಕಿತೆನ್ನೋಣ. ಗಂಟೆಗೆ 15ರಂತೆ ಹಿಂದಕ್ಕೆ ಎಣಿಸಿದರೆ ಅಪಘಾತದ ಹೊತ್ತಿಗೆ 125 ಇದ್ದಿರಬೇಕು. 30ರಂತೆ ಎಣಿಸಿದರೆ 200. ಇಂಥ ಲೆಕ್ಕವನ್ನು ಒಂದೇ ಅಂಕಿಯಾಗಿ ಹೇಳುವವರ ಧೈರ್ಯ ನನಗಂತೂ ಇಲ್ಲ. ಯಕೃತ್ತು ತೀರಾ ಗಟ್ಟಿಯಾಗಿ ಸಿರೋಸಿಸ್ ಬಲಿತವರಲ್ಲಿ ಈ ವೇಗ ಮತ್ತೆ ಕುಗ್ಗಬಹುದೆಂಬುದು ಬೇರೆ ಮಾತು.

ಮದ್ಯಸಾರ ನೀರನ್ನು ಹಿಂಬಾಲಿಸುತ್ತದೆ. ರಕ್ತಕ್ಕಿಂತ ಸೀರಮ್‌ನಲ್ಲಿ, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿದ್ರವದಲ್ಲಿ, ನೀರಿನಂಶ ಹೆಚ್ಚಾದ್ದರಿಂದ ಅಲ್ಲಿನ ಮಟ್ಟ ಸುಮಾರು 1.15 ಪಟ್ಟು, ಮೂತ್ರದಲ್ಲಿ ಸುಮಾರು 1.3 ಪಟ್ಟು ಇರುತ್ತದೆ. ಆದರೆ ಮೂತ್ರವು ಮೂತ್ರಕೋಶದಲ್ಲಿ ಗಂಟೆಗಟ್ಟಲೆ ಸಂಗ್ರಹವಾದದ್ದರಿಂದ ಅದು ಹೇಳುವುದು ಹಿಂದಿನ ಸ್ಥಿತಿಯನ್ನು. ಮದ್ಯಸಾರ ಬೇಗ ಇಳಿಯುವ ದೇಹದಲ್ಲಿ ರಕ್ತಕ್ಕೂ ಮೂತ್ರಕ್ಕೂ ನಡುವಿನ ಈ ಅಂತರ ಇನ್ನಷ್ಟು ದೊಡ್ಡದಾಗಿ ಕಾಣಬಹುದು. ಹೊಟ್ಟೆಯಲ್ಲಿ ನೀರು ತುಂಬಿಕೊಂಡ ರೋಗಿಯಲ್ಲಿ ಆ ದ್ರವಕ್ಕೂ ಮದ್ಯಸಾರ ಹರಡುತ್ತದೆ.

ನೋಟದಿಂದ ಮಟ್ಟವನ್ನು ಊಹಿಸುವುದಂತೂ ಇನ್ನೂ ಅಪಾಯಕರ. ಹೊಸಬರನ್ನು ಪ್ರಜ್ಞೆ ತಪ್ಪಿಸಬಲ್ಲ 300 ಮಿಲಿಗ್ರಾಂ ಮಟ್ಟದಲ್ಲಿ ಹಳೆಯ ಕುಡುಕರು ನಡೆದು ಬಂದು, ಕೇಳಿದ್ದಕ್ಕೆ ಉತ್ತರ ಕೊಡುವುದುಂಟು. ಅದೇ ವ್ಯಕ್ತಿಗೆ ಮಟ್ಟ 100ಕ್ಕೆ ಇಳಿಯುವಷ್ಟರಲ್ಲಿ ಕೈನಡುಕ, ಬೆವರು, ತಳಮಳ ಶುರುವಾಗಬಹುದು. ರಕ್ತದಲ್ಲಿ ಮದ್ಯಸಾರ ಇನ್ನೂ ಇದೆಯೆಂಬ ಕಾರಣಕ್ಕೆ ಇದು ಕುಡಿತ ಬಿಟ್ಟದ್ದರ ಲಕ್ಷಣವಲ್ಲವೆಂದು ತಳ್ಳಿಹಾಕುವಂತಿಲ್ಲ.

ಮದ್ಯದಲ್ಲಿ ಮೆಥನಾಲ್ ಎಂಬ ಇನ್ನೊಂದು ಬಗೆಯ ಆಲ್ಕೋಹಾಲ್ ಕೂಡ ಲೇಶಮಾತ್ರ ಇರುತ್ತದೆ. ಅದನ್ನು ಕರಗಿಸುವ ಕಿಣ್ವ ಮೊದಲು ಎಥನಾಲ್ ಕಡೆಗೇ, ಅಂದರೆ ಇದುವರೆಗೆ ಹೇಳಿದ ಮದ್ಯಸಾರದ ಕಡೆಗೇ, ಒಲಿಯುವುದರಿಂದ, ದಿನಗಟ್ಟಲೆ ಬಿಡುವಿಲ್ಲದೆ ಕುಡಿದವರ ರಕ್ತದಲ್ಲಿ ಮೆಥನಾಲ್ ಕೂಡಿಕೊಳ್ಳುತ್ತ ಬಂದು ದೀರ್ಘ ಕುಡಿತದ ಸುಳಿವಾಗುತ್ತದೆ. ವಾರಗಳ ಅಭ್ಯಾಸವನ್ನೇ ತಿಳಿಯಬೇಕಿದ್ದರೆ ಮದ್ಯಸಾರದಿಂದ ಹುಟ್ಟಿ ಕೆಂಪು ರಕ್ತಕಣಗಳ ಪೊರೆಯಲ್ಲಿ ಉಳಿಯುವ ಫಾಸ್ಫಟೈಡಿಲ್ ಎಥನಾಲ್ ಎಂಬ ವಸ್ತುವಿನ ಪರೀಕ್ಷೆಯನ್ನು ಕೇಳುವುದೇ ಸರಿ.