ಹದಿನಾರಕ್ಕೇ ಬೇರೆ ಒಲೆ

ಕ್ಯಾಲಿಫೋರ್ನಿಯಾಕ್ಕೆ ಬಂದು ಹನ್ನೊಂದು ವರ್ಷವಾಯಿತು. ಆದರೂ ಕೆಲವು ಮಾತು ಕೇಳಿದರೆ ಕೈಯಲ್ಲಿನ ಸೌಟು ಹಾಗೇ ನಿಂತುಬಿಡುತ್ತದೆ. "ಅಮ್ಮಾ, ನನ್ನ ಫ್ರೆಂಡು ಎಮ್ಯಾನ್ಸಿಪೇಟ್ ಆದ್ಳು, ಕೋರ್ಟ್ ಆರ್ಡರ್ ಬಂತು" ಅಂದಳು ಮಗಳು, ಲೋಟಕ್ಕೆ ಹಾಲು ಬಗ್ಗಿಸುತ್ತಾ. ಎಮ್ಯಾನ್ಸಿಪೇಟ್ ಅಂದರೆ ಹದಿನೆಂಟು ತುಂಬುವ ಮೊದಲೇ ಕಾನೂನಿನ ಪ್ರಕಾರ ಹೆತ್ತವರ ಹಿಡಿತದಿಂದ ಬಿಡುಗಡೆಯಾಗುವುದು. ಆ ಹುಡುಗಿಗೆ ಇನ್ನೂ ಹದಿನಾರು.

ನಮ್ಮೂರಲ್ಲಿ ಅಣ್ಣತಮ್ಮಂದಿರು ಬೇರೆಯಾಗುವುದನ್ನು ನೋಡಿದ್ದೇನೆ. ಶಾಲೆಗೆ ಹೋಗುವ ಮಗು ಹೆತ್ತವರಿಂದ ಬೇರೆಯಾಗುವುದೆಂದರೆ? ಅಪ್ಪನೊಡನೆ ಜಗಳವಾಡಿ ಕೋರ್ಟಿಗೆ ಓಡಿರಬೇಕು ಅಂದುಕೊಂಡೆ. ಆಮೇಲೆ ಕುತೂಹಲಕ್ಕೆ ನಿಯಮ ಓದಿದೆ. ಮುನಿಸಿನ ವಿಚಾರ ಅಲ್ಲಿ ಯಾರೂ ಕೇಳುವುದಿಲ್ಲ. ಕನಿಷ್ಠ 14 ತುಂಬಿರಬೇಕು. ಆಗಲೇ ಹೆತ್ತವರ ಮನೆ ಬಿಟ್ಟು ಬೇರೆ ಇರಬೇಕು, ಅದಕ್ಕೆ ಅವರ ಒಪ್ಪಿಗೆಯೋ ಕೊನೇಪಕ್ಷ ಮೌನವೋ ಇರಬೇಕು. ದುಡ್ಡುಕಾಸು ತಾನೇ ನೋಡಿಕೊಳ್ಳುತ್ತಿರಬೇಕು, ಸಂಪಾದನೆ ನ್ಯಾಯವಾದದ್ದಾಗಿರಬೇಕು. ಅರ್ಜಿಯ ಜೊತೆ ಆದಾಯ, ಖರ್ಚಿನ ಲೆಕ್ಕ ಕೊಡಬೇಕು. ಅಂದರೆ ಒಲೆ ಮೊದಲೇ ಹೂಡಿರಬೇಕು, ಕೋರ್ಟು ಸೀಲು ಒತ್ತುತ್ತದೆ, ಅಷ್ಟೇ. ಈ ಹುಡುಗಿ ಚಿಕ್ಕಮ್ಮನ ಮನೆಯ ಒಂದು ಕೋಣೆಗೆ ಬಾಡಿಗೆ ಕೊಟ್ಟುಕೊಂಡು, ಸಂಜೆ ಬೇಕರಿಯಲ್ಲಿ ದುಡಿಯುತ್ತಿದ್ದಳಂತೆ.

ಆದೇಶ ಸಿಕ್ಕರೆ ಬಾಡಿಗೆ ಕರಾರಿಗೆ ತಾನೇ ಸಹಿ ಹಾಕಬಹುದು, ಆಸ್ಪತ್ರೆಯಲ್ಲಿ ತನ್ನ ಚಿಕಿತ್ಸೆಗೆ ತಾನೇ ಒಪ್ಪಿಗೆ ಕೊಡಬಹುದು. ಶಾಲೆ ಮಾತ್ರ ತಪ್ಪಿಸುವಂತಿಲ್ಲ, ವೋಟಿಗೆ 18 ತುಂಬಲೇಬೇಕು. ನನ್ನನ್ನು ಚುಚ್ಚಿದ್ದು ಇನ್ನೊಂದು ಅಂಶ: ಅಂದಿನಿಂದ ಮಗುವನ್ನು ಸಾಕುವ ಹೊಣೆ ಹೆತ್ತವರಿಗೂ ಇಲ್ಲ. ಬಿಡುಗಡೆ ಎರಡೂ ಕಡೆಗೆ! ಕೈ ಬರಿದಾಗಿ ಬದುಕುವ ದಾರಿಯೇ ಮುಚ್ಚಿದರೆ ಕೋರ್ಟು ಆದೇಶವನ್ನು ರದ್ದು ಮಾಡಬಹುದು.

ಹಾಲಿವುಡ್ಡಿನ ಡ್ರೂ ಬ್ಯಾರಿಮೋರ್ 14ಕ್ಕೇ ಹೀಗೆ ಸ್ವತಂತ್ರಳಾದವಳು. ಆದರೆ ಅವಳು ಆಗಲೇ ಹೆಸರಾಂತ ನಟಿ. ಬೇಕರಿ ಹುಡುಗಿಯ ಲೆಕ್ಕವೇ ಬೇರೆ.

ನಮ್ಮ ದೇಶದಲ್ಲಿ 1875ರ ಕಾಯ್ದೆಯ ಪ್ರಕಾರ 18 ತುಂಬಿದರೆ ಮೇಜರ್. ಅದಕ್ಕೆ ಮೊದಲು ಅರ್ಜಿ ಹಾಕಿ ದೊಡ್ಡವರಾಗುವ ದಾರಿ ಇಲ್ಲ. ಹಾಗೆಂದು ಹದಿನಾರಕ್ಕೇ ಗ್ಯಾರೇಜು ಸೇರಿ ಮನೆ ಬಾಡಿಗೆ ಕಟ್ಟುವ ಹುಡುಗರು ನಮ್ಮಲ್ಲಿಲ್ಲವೇ? ಇದ್ದಾರೆ. ಅವರಿಗೆ ಸೀಲು ಒತ್ತಿ ಕೊಡುವವರಿಲ್ಲ.

ಮೊನ್ನೆ ಶಾಲೆಯಿಂದ ಪ್ರವಾಸದ ಚೀಟಿ ಬಂತು. ಮಗಳದಕ್ಕೆ ನಾನು ಸಹಿ ಹಾಕಿದೆ. ಆ ಹುಡುಗಿ ಪೋಷಕರ ಜಾಗದಲ್ಲಿ ತನ್ನದೇ ಸಹಿ ಹಾಕಿದಳಂತೆ, ತರಗತಿಯವರೆಲ್ಲ ಹೊಟ್ಟೆ ಉರಿದುಕೊಂಡರಂತೆ. ಪ್ರವಾಸದ ದಿನ ಮಾತ್ರ ಅವಳು ಬಸ್ಸು ಹತ್ತಲಿಲ್ಲ. ಬೇಕರಿಯಲ್ಲಿ ಪಾಳಿ ಇತ್ತು.